ಒಂಬತ್ತು ಪಂದ್ಯಗಳ ನೆಲ

ಬೆಳಗಿನ ಐದೂವರೆ. ಸಭಾಂಗಣದ ಸಾಲುದೀಪಗಳಲ್ಲಿ ಒಂದು ಮಾತ್ರ ಉರಿಯುತ್ತಿದೆ. ಅದರ ಕೆಳಗೆ, ಬಾಸ್ಕೆಟ್‌ಬಾಲ್ ಅಂಗಳದ ಮರದ ನೆಲದ ಮೇಲೆ, ಅರವತ್ತೆರಡು ವರ್ಷದ ಬಡಗಿಯೊಬ್ಬರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಹೊಸಬರು ನೋಡಿದರೆ ನಿದ್ದೆಯಲ್ಲಿ ನಡೆಯುವ ಕಾಯಿಲೆ ಅಂದುಕೊಳ್ಳಬೇಕು. ಹಾಗೇನಿಲ್ಲ. ಈ ಹೊತ್ತಿನಲ್ಲಿ ಇಡೀ ಕಟ್ಟಡದಲ್ಲಿ ಪೂರ್ತಿ ಎಚ್ಚರವಾಗಿರುವುದೇ ಅವರ ಎರಡು ಅಂಗಾಲುಗಳು.

ಬೆನ್ನ ಹಿಂದೆಯೇ ಹೆಂಡತಿ. ಅವರು ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಕೈಯಲ್ಲಿರುವುದು ಬಟ್ಟೆಗೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣ.

“ಇಲ್ಲಿ,” ಎಂದು ಬಡಗಿ ನಿಲ್ಲುತ್ತಾರೆ.

“ಎಲ್ಲಿ? ಹೆಬ್ಬೆರಳಾ, ಹಿಮ್ಮಡಿನಾ?”

“ಹಿಮ್ಮಡಿ. ಕೂದಲೆಳೆಯಷ್ಟು ಎದ್ದಿದೆ.”

“ನನ್ನ ಕಣ್ಣಿಗೆ ಏನೂ ಕಾಣ್ತಿಲ್ವಲ್ಲ.”

“ನಿನ್ನ ಕಣ್ಣನ್ನ ಯಾರು ಕೇಳಿದ್ರು? ಗುರುತು ಹಾಕೇ.”

“ಹಾಕ್ದೆ ಮಾರಾಯ್ರೇ. ಮೂವತ್ತೈದು ವರ್ಷದಿಂದ ಸಂಸಾರದಲ್ಲಿ ಏನೇನು ಎದ್ದಿದೆ, ಏನೇನು ಬಿದ್ದಿದೆ ಅಂತ ಈ ಕಾಲಿಗೆ ಗೊತ್ತಾಗಿದ್ರೆ ನನ್ನ ಪುಣ್ಯ.”

ಹೀಗೆ ಇನ್ನೂರ ಇಪ್ಪತ್ತನಾಲ್ಕು ಹಲಗೆಗಳ ಮೇಲೂ ಅವರು ಹೋಗಿ ಬರಬೇಕು. ಪ್ರತಿ ಭಾನುವಾರದ ಕೆಲಸ ಇದು. ಆದರೆ ಈ ಭಾನುವಾರ ಹೆಜ್ಜೆ ಇನ್ನೂ ನಿಧಾನ. ಹತ್ತು ಗಂಟೆಗೆ ಕ್ರೀಡಾ ಸಂಘದ ಪರಿವೀಕ್ಷಕರು ಬರುತ್ತಾರೆ. ಅವರು ಒಪ್ಪಿದರೆ ಕಾಲೇಜು ಹೆಣ್ಣುಮಕ್ಕಳ ಪಂದ್ಯಾವಳಿ ಈ ಸಭಾಂಗಣಕ್ಕೆ ಬರುತ್ತದೆ, ನೆಲ ಇಲ್ಲೇ ಉಳಿಯುತ್ತದೆ. ಒಪ್ಪದಿದ್ದರೆ ವಸ್ತುಪ್ರದರ್ಶನದ ಗುತ್ತಿಗೆದಾರರೊಬ್ಬರು ನಾಳೆಯೇ ಲಾರಿ ತರುತ್ತಾರೆ. ಹಲಗೆಗಳನ್ನು ನಡುವಿಗೆ ಕತ್ತರಿಸಿ ವೇದಿಕೆ ಮಾಡುವುದು ಅವರ ಯೋಜನೆ. ಭಾಷಣಕಾರರಿಗೆ ಕಾಲೂರಲು ಜಾಗ ಬೇಕಲ್ಲ.

ಈ ಬಡಗಿಯನ್ನು ಎಲ್ಲರೂ ಕರೆಯುವುದು ‘ನೆಲದಣ್ಣ’ ಎಂದು. ಸೋಮವಾರದಿಂದ ಶನಿವಾರದವರೆಗೆ ಅವರು ಈ ಸಭಾಂಗಣದ ಬಡಗಿ. ಕಾಲು ಮುರಿದ ಕುರ್ಚಿ, ಕಿರುಗುಟ್ಟುವ ಬಾಗಿಲು, ಮುಚ್ಚಲೊಲ್ಲದ ಕಿಟಕಿ, ಎಲ್ಲ ಅವರ ಪಾಲಿಗೆ. ಕುರ್ಚಿಗಳೇ ಒಂದು ಸಾವಿರದ ಇನ್ನೂರು. “ದಿನಕ್ಕೆ ನಾಲ್ಕಾದ್ರೂ ಕಾಲು ಮುರ್ಕೊಳ್ತವೆ. ಜನ ಕೂತ್ಕೊಳ್ಳಲ್ಲ, ಬೀಳ್ತಾರೆ,” ಎನ್ನುತ್ತಾರೆ. ಶನಿವಾರ ಮಧ್ಯಾಹ್ನ ಸಭಾಂಗಣ ಖಾಲಿಯಾದರೆ ಉಗ್ರಾಣದಿಂದ ನೆಲ ಹೊರಗೆ ಬರುತ್ತದೆ. ನಾಲ್ಕಡಿ ಅಗಲ, ಎಂಟಡಿ ಉದ್ದದ ಹಲಗೆಗಳು. ಒಂದೊಂದರ ಬೆನ್ನಿಗೂ ಸಂಖ್ಯೆ. ಹದಿನಾರು ಸಾಲು, ಸಾಲಿಗೆ ಹದಿನಾಲ್ಕು. ಒಂದನ್ನು ಎತ್ತಲು ಇಬ್ಬರು ಬೇಕು. ಈ ತುದಿಗೆ ನೆಲದಣ್ಣ, ಆ ತುದಿಗೆ ಹೆಂಡತಿ. ಇನ್ನೊಂದು ಜೋಡಿ, ಸಭಾಂಗಣದ ಕಾವಲುಗಾರ ಮತ್ತು ಆರಡಿ ಏಳಂಗುಲದ ಒಬ್ಬ ಮನುಷ್ಯ. ಈ ಕೊನೆಯವರನ್ನು ನೆಲದಣ್ಣ ಇವತ್ತಿಗೂ ‘ಕ್ಯಾಪ್ಟನ್’ ಎಂದೇ ಕರೆಯುತ್ತಾರೆ. ಉಗ್ರಾಣದ ಬಾಗಿಲಿನ ಚೌಕಟ್ಟಿಗೆ ನೆಲದಣ್ಣ ಹಳೆಯ ಹಾಸಿಗೆಯ ತುಂಡೊಂದನ್ನು ಮೊಳೆ ಹೊಡೆದಿದ್ದಾರೆ. ಅದು ಕ್ಯಾಪ್ಟನ್ ಹಣೆಗಾಗಿಯೇ ಮೀಸಲು.

ಹಾಸಿಗೆಯ ತುಂಡಿಗೂ ಒಂದು ಕಥೆಯಿದೆ.

ಹನ್ನೊಂದು ವರ್ಷದ ಹಿಂದೆ ಹತ್ತು ತಂಡಗಳ ಒಂದು ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಹುಟ್ಟಿತು. ಇಲ್ಲಿನ ತಂಡವನ್ನು ಕಟ್ಟಿದವರು ಹಾಸಿಗೆ ಕಾರ್ಖಾನೆಯ ಧಣಿ. ಆಟಗಾರರ ಅಂಗಿಯ ಮೇಲೆ ಬೆನ್ನಿಗೊಂದು, ಎದೆಗೊಂದು ಹಾಸಿಗೆಯ ಚಿತ್ರ. ಅಧಿಕೃತ ಹೆಸರಿನಲ್ಲಿ ಯಾವುದೋ ಕಾಡುಪ್ರಾಣಿ ಇತ್ತಂತೆ, ಯಾರಿಗೂ ನೆನಪಿಲ್ಲ. ಊರಿಗೆಲ್ಲ ಅದು ‘ಹಾಸಿಗೆ ಟೀಮು’. ಸೋಲುತ್ತಿದ್ದಾಗ ಪ್ರೇಕ್ಷಕರು ಕೂಗುತ್ತಿದ್ದದ್ದು ಒಂದೇ ಘೋಷಣೆ: “ಬೆಳಗಾಯ್ತು ಎದ್ದೇಳ್ರೋ!”

ಧಣಿಗೆ ಎಲ್ಲವೂ ದೊಡ್ಡದಾಗಿ ಆಗಬೇಕಿತ್ತು. ಮರದ ನೆಲ ತರಿಸಿದರು. ಜೋಡಿಸುವುದಕ್ಕೆ ಸಭಾಂಗಣದ ಬಡಗಿಯನ್ನು ಕರೆದರು. ಮೊದಲ ಪಂದ್ಯಕ್ಕೆ ಎರಡು ದಿನ ಇರುವಾಗ ಬಂದು, ಜೋಡಿಸಿದ ನೆಲವನ್ನು ನೋಡಿ ಮುಖ ಹುಳ್ಳಗೆ ಮಾಡಿದರು. ಆ ದನಿಯನ್ನು ನೆಲದಣ್ಣ ಈಗಲೂ ಹಾಗೇ ಎಳೆದು ಕೊಡುತ್ತಾರೆ, ಮೂಗಿನಿಂದ ಅರ್ಧ, ಹೊಟ್ಟೆಯಿಂದ ಅರ್ಧ: “ಏನ್ರೀಈಈ ಇದು, ಮಂಕು ಬಡ್ದಿರೋ ಹಂಗಿದೆ! ಟಿವಿಯವರು ಬರ್ತಾರೆ. ನಾನು ಬಗ್ಗಿದ್ರೆ ನನ್ನ ಮುಖ ಕಾಣ್ಬೇಕು ಇದ್ರಲ್ಲಿ!”

ಆದೇಶ ಜಾರಿಗೆ ಬಂತು. ಅಕ್ಷರಶಃ.

ನೆಲದಣ್ಣ ಅಲ್ಲಿಯವರೆಗೆ ಮಾಡಿದ್ದೆಲ್ಲ ಮೇಜು, ಕಪಾಟು, ಮಂಚ. ಮರ ಕಂಡರೆ ಹೊಳೆಯಿಸಬೇಕು ಎಂದೇ ಕೈ ಪಳಗಿತ್ತು. ಮೇಜಿಗೆ ಹಚ್ಚುವ ಮೇಣದ ಪಾಲಿಶ್ ಡಬ್ಬಿಗಟ್ಟಲೆ ತಂದು, ಎರಡು ದಿನ ಮೊಣಕಾಲೂರಿ ಕೂತು, ಇನ್ನೂರ ಇಪ್ಪತ್ತನಾಲ್ಕು ಹಲಗೆಗಳನ್ನೂ ಉಜ್ಜಿದರು. ಧಣಿ ಬಗ್ಗಿ ನೋಡಿದರು, ಮುಖ ಕಂಡಿತು, ಮೀಸೆ ತಿರುವಿದರು. ಬಂದವರೆಲ್ಲ ನೆಲವನ್ನೇ ಹೊಗಳಿದರು. “ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಪಾಲಿಶ್ ಬಂದಿರ್ಲಿಲ್ಲ,” ಎನ್ನುವಾಗ ನೆಲದಣ್ಣನ ದನಿ ಸಣ್ಣದಾಗುತ್ತದೆ.

ಪಂದ್ಯ ಶುರುವಾಯಿತು. ಚೆಂಡು ಮೇಲೆ ಹಾರಿತು, ಹತ್ತು ಜನ ಕೆಳಗೆ ಬಿದ್ದರು. ಎದ್ದವರು ಓಡಿದರು, ಓಡಿದವರು ನಿಲ್ಲಲಾಗಲಿಲ್ಲ. ಒಬ್ಬ ಆಟಗಾರ ಜಾರುತ್ತ ಹೋಗಿ ತೀರ್ಪುಗಾರರನ್ನು ತಬ್ಬಿಕೊಂಡ. ಇಬ್ಬರೂ ಸೇರಿ ನೀರಿನ ಬಾಟಲಿಗಳ ಮೇಜನ್ನು ತಬ್ಬಿಕೊಂಡರು. ಆಟಗಾರರು ಬರೀ ಬಿದ್ದರು, ಪ್ರೇಕ್ಷಕರು ಬಿದ್ದೂ ಬಿದ್ದೂ ನಕ್ಕರು.

ನಾಲ್ಕನೇ ನಿಮಿಷದಲ್ಲಿ ನಗು ನಿಂತಿತು. ತಂಡದ ನಾಯಕ ಚೆಂಡಿಗಾಗಿ ಜಿಗಿದು ಕೆಳಗಿಳಿಯುವಾಗ ಒಂದು ಕಾಲು ಮುಂದಕ್ಕೆ ಹೋಯಿತು, ಇನ್ನೊಂದು ಹೋಗಲಿಲ್ಲ. ಮಂಡಿಯ ಒಳಗೆ ಏನೋ ಹರಿದ ಸದ್ದು ಮೂರನೇ ಸಾಲಿನವರೆಗೂ ಕೇಳಿಸಿತು. ಇಪ್ಪತ್ತೊಂಬತ್ತು ವರ್ಷದ ಆ ನಾಯಕ ಈ ತಂಡಕ್ಕಾಗಿ ಕಾಯಂ ಕೆಲಸ ಬಿಟ್ಟು ಬಂದಿದ್ದರು. ಅವರ ವೃತ್ತಿಪರ ಆಟ ಒಟ್ಟು ನಾಲ್ಕು ನಿಮಿಷ. ಆಮೇಲೆ ಅವರು ಎಲ್ಲಿಯೂ ಪಂದ್ಯ ಆಡಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮಂಚದ ಆಚೆಗೆ ಕಾಲು ಚಾಚಿ ಮಲಗಿದ್ದ ಆ ಉದ್ದನೆಯ ಮನುಷ್ಯನ ಮುಂದೆ ಬಡಗಿ ಹೋಗಿ ನಿಂತರು. ತಪ್ಪು ಯಾರದು ಎಂದು ಇನ್ನೂ ಯಾರೂ ಕೇಳಿರಲಿಲ್ಲ. ಬೂಟಿನ ದೋಷ ಎಂದು ಧಣಿ ಪತ್ರಿಕೆಗಳಿಗೆ ಹೇಳಿಯೂ ಆಗಿತ್ತು.

“ಪಾಲಿಶ್ ಹೊಡೆದವನು ನಾನು,” ಎಂದರು ನೆಲದಣ್ಣ.

ಕ್ಯಾಪ್ಟನ್, “ಅಷ್ಟು ಚೆನ್ನಾಗಿ ಯಾಕ್ರೀ ಹೊಡೆದ್ರಿ?” ಎಂದರಂತೆ.

“ಬೈದಿದ್ರೆ ಬೈಸ್ಕೊಂಡು ಮನೆಗೆ ಹೋಗ್ತಿದ್ದೆ,” ಎನ್ನುತ್ತಾರೆ ನೆಲದಣ್ಣ. “ಹೀಗೆ ಕೇಳಿದ್ರೆ ಏನು ಮಾಡೋದು? ಹೇಳಿದ್ದು ಧಣಿಯೇ ಇರಬಹುದು. ಉಜ್ಜಿದ್ದು ನನ್ನ ಕೈ ತಾನೆ?”

ಎರಡನೇ ಪಂದ್ಯಕ್ಕೆ ಆರು ದಿನವಿತ್ತು. ಗಂಡ ಹೆಂಡತಿ ಇಬ್ಬರೂ ಟರ್ಪೆಂಟೈನ್ ಅದ್ದಿದ ಬಟ್ಟೆ ಹಿಡಿದು ಕೂತರು. ಎರಡು ದಿನದಲ್ಲಿ ಹಚ್ಚಿದ್ದನ್ನು ತೆಗೆಯಲು ಆರೂ ದಿನ ಬೇಕಾಯಿತು. ಕೈಯ ಚರ್ಮ ಸುಲಿಯಿತು. ಮೇಣ ಪೂರ್ತಿ ಹೋಗಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುತ್ತಿರಲಿಲ್ಲ, ಬೆರಳಿಗೂ ತಿಳಿಯುತ್ತಿರಲಿಲ್ಲ. ಚಪ್ಪಲಿ ಬಿಟ್ಟು ನಡೆದು ನೋಡಿದರು, ಅಂಗಾಲಿಗೆ ತಿಳಿಯಿತು. ಎಲ್ಲಿ ಜಾರುತ್ತದೆ, ಎಲ್ಲಿ ಅಂಚು ಎದ್ದಿದೆ, ಯಾವ ಹಲಗೆ ಅಡಿಯಲ್ಲಿ ಟೊಳ್ಳಾಗಿದೆ, ಎಲ್ಲ. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ.

ಅಂದಿನಿಂದ ಆ ಅಂಗಾಲುಗಳಿಗೆ ರಾಜಮರ್ಯಾದೆ. ಹಾಡುವವರು ಗಂಟಲು ಕಾಯ್ದುಕೊಳ್ಳುವ ಹಾಗೆ ನೆಲದಣ್ಣ ಪಾದ ಕಾಯ್ದುಕೊಳ್ಳುತ್ತಾರೆ. ವಾರವಿಡೀ ಕಾಲುಚೀಲ. ಬಿಸಿಲಿರಲಿ, ಸೆಕೆಯಿರಲಿ, ಮನೆಯೊಳಗೂ ಬರಿಗಾಲಿಲ್ಲ. ಚರ್ಮ ಒರಟಾದರೆ ಕೂದಲೆಳೆ ತಪ್ಪಿಹೋಗುತ್ತದೆ. ಶನಿವಾರ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಹಿಮ್ಮಡಿ ಉಜ್ಜಿ, ಎಣ್ಣೆ ಹಚ್ಚುತ್ತಾರೆ. “ನನ್ನ ಹಿಮ್ಮಡಿ ಒಡೆದು ನಕ್ಷೆ ಆಗಿದೆ, ಯಾರಾದ್ರೂ ಕೇಳ್ತಾರಾ?” ಎನ್ನುತ್ತಾರೆ ಹೆಂಡತಿ. “ಇವರದು ನೋಡಿ, ರಾಜಕುಮಾರನ ಪಾದ. ಮೇಲಿರೋದು ಮಾತ್ರ ಬಡಗಿ.”

ತಂಡ ಆ ವರ್ಷ ಹದಿನೆಂಟು ಪಂದ್ಯ ಆಡಿತು, ಐದು ಗೆದ್ದಿತು. ಅದರಲ್ಲಿ ಈ ನೆಲದ ಮೇಲೆ ನಡೆದದ್ದು ಒಂಬತ್ತು. ಯಾವುದನ್ನು ಗೆದ್ದಿರಿ, ಯಾವುದನ್ನು ಸೋತಿರಿ ಎಂದು ನೆಲದಣ್ಣನನ್ನು ಕೇಳಿ ಪ್ರಯೋಜನವಿಲ್ಲ. ಅವರ ಲೆಕ್ಕವೇ ಬೇರೆ. ಮೊದಲ ಪಂದ್ಯದಲ್ಲಿ ಬಿದ್ದವರು ನಲವತ್ತಮೂರು. ಎರಡನೆಯದರಲ್ಲಿ ಹದಿನೇಳು. ಐದನೆಯದರಲ್ಲಿ ಆರು, “ಅದ್ರಲ್ಲಿ ಒಬ್ಬ ಬೇಕಂತಲೇ ಬಿದ್ದ, ತೀರ್ಪುಗಾರರನ್ನ ಏಮಾರಿಸೋಕೆ. ಅದು ನನ್ನ ಲೆಕ್ಕಕ್ಕೆ ಬರಲ್ಲ.” ಒಂಬತ್ತನೆಯದರಲ್ಲಿ ಇಬ್ಬರು. ಅಷ್ಟು ಹೊತ್ತಿಗೆ ಟಿವಿಯವರು ಕೈಬಿಟ್ಟಿದ್ದರು. ಸಾವಿರದ ಇನ್ನೂರು ಕುರ್ಚಿಗಳಲ್ಲಿ ಜನ ಇದ್ದದ್ದು ತೊಂಬತ್ತು, ಅದರಲ್ಲೂ ಹತ್ತು ಮಂದಿ ಆಟಗಾರರ ತಾಯಂದಿರು. ಕೊನೆಯ ಸೀಟಿ ಊದಿದ ತಿಂಗಳೊಳಗೆ ಲೀಗ್ ಮುಚ್ಚಿತು. ತಂಡ ನೆಲಕಚ್ಚಿತು, ನೆಲ ಮಾತ್ರ ಉಳಿಯಿತು. ಧಣಿ ಅದನ್ನು ಸಭಾಂಗಣಕ್ಕೆ ಬಿಟ್ಟುಕೊಟ್ಟು ಮರಳಿ ಹಾಸಿಗೆ ಸೇರಿದರು, ಅಂದರೆ ಹಾಸಿಗೆ ವ್ಯಾಪಾರಕ್ಕೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಕ್ಯಾಪ್ಟನ್ ಊರುಗೋಲಿನಲ್ಲಿ ಬಂದರು. ಸಭಾಂಗಣದ ಹಿಂದಿನ ಸಿಮೆಂಟ್ ಅಂಗಳದಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸಲು ಶುರು ಮಾಡಿದ್ದರು. ಸಿಮೆಂಟಿನ ಮೇಲೆ ಜಿಗಿದು ಇಳಿದು ಒಬ್ಬೊಬ್ಬರ ಮಂಡಿಯೂ ತರಚಿ ಹೋಗಿತ್ತು. ಅವರು ಕೇಳಿದ್ದು ಒಂದೇ ಮಾತು: “ನೆಲದಣ್ಣ, ಆ ಹಲಗೆಗಳು ಸುಮ್ನೆ ಮಲಗಿವೆ ಅಲ್ವಾ?”

ಅಲ್ಲಿಂದ ಶುರುವಾದದ್ದು ಹತ್ತು ವರ್ಷ, ಸುಮಾರು ಐನೂರು ಭಾನುವಾರ. ಈಗ ವಾರಕ್ಕೆ ನಲವತ್ತು ಹುಡುಗಿಯರು ಬರುತ್ತಾರೆ. ಇದಕ್ಕೆಂದು ನೆಲದಣ್ಣನಿಗೆ ಯಾರೂ ಹುದ್ದೆ ಕೊಟ್ಟಿಲ್ಲ. ಭಾನುವಾರ ಅವರ ರಜಾದಿನ. ಸೊಂಟ ಹಿಡಿಯುತ್ತದೆ. ಹೋದ ವರ್ಷ ಹೆಬ್ಬೆರಳಿನ ಮೇಲೆ ಹಲಗೆ ಬಿದ್ದು ಉಗುರು ಹೋಯಿತು. “ಆ ಬೆರಳಿಗೆ ಈಗ ಸ್ವಲ್ಪ ಕಿವುಡು,” ಎನ್ನುತ್ತಾರೆ.

ಕಳೆದ ಶುಕ್ರವಾರ ಸಭಾಂಗಣದ ವ್ಯವಸ್ಥಾಪಕಿ ಅವರನ್ನು ಕೋಣೆಗೆ ಕರೆದರು. ಕೆಟ್ಟ ಮನಸ್ಸಿನವರಲ್ಲ, ಕುರ್ಚಿ ಇಡಲು ಉಗ್ರಾಣ ಬೇಕು, ಅಷ್ಟೇ. ಜೊತೆಗೆ ಹೋಗಿದ್ದ ಕ್ಯಾಪ್ಟನ್ ವ್ಯವಸ್ಥಾಪಕಿಯ ಮಾತನ್ನು ಅವರದೇ ಧಾಟಿಯಲ್ಲಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಹೇಳುತ್ತಾರೆ: “ನೋಡೀಪ್ಪಾ, ನನಗೂ ಆಸೆ ಇದೆ. ಆದ್ರೆ ಪರಿವೀಕ್ಷಕರು ಬಂದಾಗ ನೆಲ ನೋಡೋ ಹಾಗಿರ್ಬೇಕೋ ಬೇಡವೋ? ಒಂದು ಕೈ ಪಾಲಿಶ್ ಹೊಡೆದುಬಿಡಿ. ಫಳಫಳ ಅಂದ್ರೆ ನಾನೇ ಮುಂದೆ ನಿಂತು ಮಾತಾಡ್ತೀನಿ.”

“ಆಗಲ್ಲ ಮೇಡಂ,” ಎಂದರು ನೆಲದಣ್ಣ.

“ಹೊಳಪು ಇಲ್ಲ ಅಂತ ಬೇಡ ಅಂದ್ರೆ?”

“ಅಂದ್ರೆ ಅನ್ನಲಿ.”

“ಲಾರಿಗೆ ಹೇಳಿಯಾಗಿದೆ. ಆಮೇಲೆ ನನ್ನ ದೂರಬೇಡಿ.”

ಹೊರಗೆ ಬಂದ ಮೇಲೆ ಕ್ಯಾಪ್ಟನ್ ರೇಗಿದರಂತೆ. “ಒಂದು ದಿನಕ್ಕೆ ಹಚ್ಚಿ, ಮಾರನೇ ದಿನ ತೆಗೆದ್ರಾಗಿತ್ತಲ್ಲ! ಉಳಿಯೋದು ಮುಖ್ಯ ಅಲ್ವಾ?” ಅದಕ್ಕೆ ನೆಲದಣ್ಣ ಕ್ಯಾಪ್ಟನ್‌ನ ಬಲಮಂಡಿಯನ್ನು ಒಮ್ಮೆ ನೋಡಿದರು. ಕ್ಯಾಪ್ಟನ್ ಉಗ್ರಾಣದತ್ತ ನಡೆದರು.

ಇವತ್ತು ಎಂಟು ಗಂಟೆಯೊಳಗೆ ಸೀಮೆಸುಣ್ಣದ ಗುರುತು ಐದು. ಐದನ್ನೂ ಸರಿಪಡಿಸಿದ್ದಾಯಿತು. ಹತ್ತಕ್ಕೆ ಸರಿಯಾಗಿ ಪರಿವೀಕ್ಷಕರು ಬಂದರು: ನಲವತ್ತರ ಆಸುಪಾಸಿನ ಮಿತಭಾಷಿ, ಬಗಲಲ್ಲಿ ಚೆಂಡು, ಕೈಯಲ್ಲಿ ಅಳತೆಕೋಲು. ಗೊತ್ತಾದ ಎತ್ತರದಿಂದ ಚೆಂಡು ಬಿಡುವುದು, ಅದು ಎಷ್ಟು ಮೇಲೆ ಪುಟಿಯಿತು ಎಂದು ನೋಡುವುದು, ಬರೆದುಕೊಳ್ಳುವುದು. ಹನ್ನೆರಡು ಕಡೆ ಪರೀಕ್ಷೆ. ನಲವತ್ತು ಹುಡುಗಿಯರು ಗೋಡೆಗೆ ಒರಗಿ ಉಸಿರು ಬಿಗಿಹಿಡಿದಿದ್ದಾರೆ. ಢಬ್. ಸರಿ. ಢಬ್. ಸರಿ. ಒಂಬತ್ತನೆಯ ಕಡೆ, ಢಪ್. ಪರಿವೀಕ್ಷಕರು ಕೋಲು ನೋಡಿದರು, ಚೆಂಡು ಪುಟಿಯಲೇಬೇಕಾದ ಎತ್ತರದ ಗೆರೆಗೆ ಮುಟ್ಟಿಯೂ ಮುಟ್ಟದಂತೆ ಇತ್ತು. “ಸರಿ,” ಎಂದು ಬರೆದುಕೊಂಡು ಮುಂದೆ ಹೋದರು. ಹನ್ನೆರಡೂ ಮುಗಿಯಿತು. ಪೆನ್ನಿನ ಟೋಪಿ ತೆಗೆದು ಸಹಿಗೆ ಜಾಗ ಹುಡುಕಿದರು.

“ಸಾರ್,” ಎಂದರು ನೆಲದಣ್ಣ, “ಆ ಒಂಬತ್ತನೇದು ಇನ್ನೊಂದ್ಸಲ ಬಿಡಿ.”

ಹೆಂಡತಿ ಕಣ್ಣು ಮುಚ್ಚಿಕೊಂಡರು. ವ್ಯವಸ್ಥಾಪಕಿ ನಿಜವಾದ ಕನ್ನಡಕವನ್ನೇ ಮೂಗಿನ ತುದಿಗೆ ಇಳಿಸಿದರು. ಕ್ಯಾಪ್ಟನ್, “ಅಣ್ಣಾ, ಬಾಯಿ ಮುಚ್ಕೊಂಡಿರಿ,” ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

“ಯಾಕೆ?” ಎಂದರು ಪರಿವೀಕ್ಷಕರು.

“ಸದ್ದು ಬೇರೆ ಬಂತು. ನನ್ನ ಕಾಲಿಗೆ ಸಿಕ್ಕಿರ್ಲಿಲ್ಲ ಅದು.”

ಮತ್ತೆ ಚೆಂಡು ಬಿಟ್ಟರು. ಈ ಸಲ ಗೆರೆಗಿಂತ ಎರಡು ಬೆರಳು ಕೆಳಗೇ ನಿಂತಿತು. ಇನ್ನೊಮ್ಮೆ. ಅಷ್ಟೇ. ಪರಿವೀಕ್ಷಕರು ‘ಸರಿ’ ಎಂದು ಬರೆದದ್ದನ್ನು ಗೀಟು ಹಾಕಿ ಹೊಡೆದರು.

“ಇದು ನೂರ ಮೂವತ್ತೇಳು,” ಎಂದರು ನೆಲದಣ್ಣ. ಹಲಗೆಯ ಸಂಖ್ಯೆ ಬೆನ್ನ ಮೇಲಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. “ಅಡಿಯ ರಬ್ಬರ್ ಬಿಲ್ಲೆ ಸತ್ತಿದೆ. ಮುಕ್ಕಾಲು ಗಂಟೆ ಕೊಡ್ತೀರಾ?”

ಪರಿವೀಕ್ಷಕರು ಗಡಿಯಾರ ನೋಡಿದರು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಕೂತರು. ಅದೃಷ್ಟಕ್ಕೆ ಅದರ ನಾಲ್ಕು ಕಾಲೂ ಗಟ್ಟಿಯಾಗಿದ್ದವು.

ನೂರ ಮೂವತ್ತೇಳನ್ನು ತಲುಪಬೇಕಾದರೆ ಅಂಚಿನಿಂದ ಆರು ಹಲಗೆ ಬಿಚ್ಚಬೇಕು. ಗೋಡೆಗೆ ಒರಗಿದ್ದ ಹುಡುಗಿಯರು ಯಾರೂ ಕರೆಯದೆ ಓಡಿಬಂದರು. “ಬೆರಳು ಜೋಪಾನ ಕಣ್ರಮ್ಮಾ! ಎತ್ತುವಾಗ ಒಂದೇ ಉಸಿರು!” ಎಂದು ನೆಲದಣ್ಣನ ಹೆಂಡತಿ ಕೂಗಿದರು. ಕ್ಯಾಪ್ಟನ್ ಗೊಣಗುತ್ತಲೇ ಒಂದು ತುದಿ ಹಿಡಿದರು. ಏಳನೆಯ ಹಲಗೆಯನ್ನು ಮಗುಚಿದಾಗ ಬೆನ್ನ ಮೇಲೆ ಬಣ್ಣದಲ್ಲಿ ಬರೆದಿತ್ತು: ನೂರ ಮೂವತ್ತೇಳು. ಪಕ್ಕದಲ್ಲೇ ಅಪ್ಪಚ್ಚಿಯಾಗಿ ಕಾಗದದಂತಾಗಿದ್ದ ಒಂದು ರಬ್ಬರ್ ಬಿಲ್ಲೆ. ಪರಿವೀಕ್ಷಕರು ಎದ್ದು ಬಂದು ಸಂಖ್ಯೆಯನ್ನೂ ನೆಲದಣ್ಣನ ಮುಖವನ್ನೂ ಒಂದಾದ ಮೇಲೊಂದು ನೋಡಿದರು.

ಹೊಸ ಬಿಲ್ಲೆ ಅಂಟಿಸಿ, ಏಳನ್ನೂ ಕೂರಿಸಿ, ನೆಲದಣ್ಣ ಕಾಲುಚೀಲ ಕಳಚಿ ಅದರ ಮೇಲೆ ಒಮ್ಮೆ ಹೋಗಿ ಬಂದರು. “ಈಗ ಬಿಡಿ.” ಢಬ್. ಮೂರು ಸಲವೂ ಢಬ್. ಪರಿವೀಕ್ಷಕರು ಇನ್ನೊಂದು ಕೆಲಸ ಮಾಡಿದರು. ತಮ್ಮ ಬೂಟುಗಳಲ್ಲಿ ಓಡಿಬಂದು ಗಕ್ಕನೆ ನಿಂತರು, ತಿರುಗಿದರು, ಜಿಗಿದರು. ಕೀಚ್ ಎಂದು ನೆಲ ಅವರನ್ನು ಹಿಡಿದು ನಿಲ್ಲಿಸಿತು.

ವರದಿಯಲ್ಲಿ ಎರಡೇ ಸಾಲು. ‘ಮೇಲ್ಮೈ ಮಂದವಾಗಿದೆ. ಹಿಡಿತ ಅತ್ಯುತ್ತಮ.’ ಕೆಳಗೆ ಮೊಹರು, ಒಂದು ವರ್ಷದ ಒಪ್ಪಿಗೆ.

“ಮಂದ ಅಂತ ಬರೆದಿದ್ದಾರೆ, ನೋಡಿ,” ಎಂದರು ವ್ಯವಸ್ಥಾಪಕಿ.

“ಎರಡನೇ ಸಾಲೂ ಓದಿ ಮೇಡಂ,” ಎಂದರು ನೆಲದಣ್ಣನ ಹೆಂಡತಿ.

ವ್ಯವಸ್ಥಾಪಕಿ ಓದಿದರು, ನಕ್ಕರು, ಫೋನ್ ತೆಗೆದು ಲಾರಿಯನ್ನು ಬೇಡವೆಂದರು. ಕುರ್ಚಿಗಳಿಗೆ ಬೇರೆ ಜಾಗ ಹುಡುಕುವ ಕೆಲಸ ಈಗ ಅವರ ತಲೆಗೆ.

ಹನ್ನೆರಡು ಗಂಟೆ. ಹುಡುಗಿಯರು ಆಡುತ್ತಿದ್ದಾರೆ. ನೆಲದಣ್ಣ ಎಂದಿನಂತೆ ಅಂಚಿನಲ್ಲಿ ಸಣ್ಣ ಮಣೆ ಹಾಕಿಕೊಂಡು, ಅಂಗೈಗೆ ಗಲ್ಲ ಊರಿ ಕೂತಿದ್ದಾರೆ. ಮುಂದಿನ ತಿಂಗಳ ಪಂದ್ಯಾವಳಿಯಲ್ಲಿ ಏನಾಸೆ ಎಂದು ಕೇಳಿದರೆ ನೆಲದಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ:

“ಒಂದು ಚೆಂಡು ರಿಂಗಿನೊಳಗೆ ಹೋಗೋದನ್ನ ನೋಡ್ಬೇಕು.”

ಕ್ಯಾಪ್ಟನ್‌ಗೆ ನಂಬಿಕೆಯಾಗುವುದಿಲ್ಲ. “ಇಷ್ಟು ವರ್ಷದಲ್ಲಿ ಒಂದೂ ನೋಡಿಲ್ವಾ?”

“ಯಾವಾಗ ನೋಡ್ಲಿ? ಚೆಂಡು ಮೇಲಿರುತ್ತೆ, ಕಾಲು ಕೆಳಗಿರುತ್ತೆ.”

“ಸರಿ, ಮುಂದಿನ ತಿಂಗಳು ಯಾಕೆ? ಈಗಲೇ ನೋಡಿ.” ಕ್ಯಾಪ್ಟನ್ ಅಂಗಳದತ್ತ ಕೂಗುತ್ತಾರೆ. ಎರಡು ಜಡೆಯ ಹುಡುಗಿಯೊಬ್ಬಳು ಚೆಂಡು ಪುಟಿಸುತ್ತ ರಿಂಗಿನತ್ತ ಬರುತ್ತಾಳೆ. “ಅಣ್ಣಾ, ತಲೆ ಎತ್ತಿ. ಎತ್ತಿ! ಹಾಂ, ಹಾಗೇ ಇರಿ.”

ನೆಲದಣ್ಣ ತಲೆ ಎತ್ತುತ್ತಾರೆ. ಕತ್ತಿಗೆ ಅಭ್ಯಾಸವಿಲ್ಲ; ಒಂದು ಕೈ ಹಿಂದಲೆಗೆ ಆಸರೆ ಕೊಡುತ್ತದೆ. ಹುಡುಗಿ ಎರಡು ಹೆಜ್ಜೆ ಹಾಕಿ ಜಿಗಿಯುತ್ತಾಳೆ. ಚೆಂಡು ಕೈಬಿಟ್ಟು ಮೇಲೇರುತ್ತದೆ, ರಿಂಗಿನ ಅಂಚನ್ನು ಒಮ್ಮೆ ಸುತ್ತುತ್ತದೆ, ಬಲೆಯೊಳಗೆ ಇಳಿಯುತ್ತದೆ. ಹುಡುಗಿಯರೆಲ್ಲ ಹೋ ಎನ್ನುತ್ತಾರೆ.

“ನೋಡಿದ್ರಾ?” ಎನ್ನುತ್ತಾರೆ ಹೆಂಡತಿ, ತೋಳು ಹಿಡಿದು.

ನೆಲದಣ್ಣನ ತಲೆ ಅದಾಗಲೇ ಕೆಳಗಿದೆ.

“ಇಲ್ಲ ಕಣೇ,” ಎನ್ನುತ್ತಾರೆ. “ಆ ಹುಡುಗಿ ಇಳಿದಳಲ್ಲ, ಎರಡೂ ಕಾಲು ಸಮವಾಗಿ ಇಳಿದಳು. ಅದನ್ನ ನೋಡ್ತಿದ್ದೆ.”